ಯಾರ ಮುಖಕ್ಕೆ ಸರಿಯಾದ ಬಣ್ಣ?

ಅಚ್ಚಿನ ಮನೆಯಲ್ಲಿ ಒಂದು ಮಾತು ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ: ‘ಬಣ್ಣ ಕರೆಕ್ಟಾಗಿ ಬಂದಿದೆ.’ ಈ ಮಾತು ಹೇಳುವವನು ಸುಳ್ಳುಗಾರನಲ್ಲ. ಅವನ ಕೈಯಲ್ಲಿ ಅಳೆಯುವ ಯಂತ್ರವಿದೆ. ಹಾಳೆಯ ಅಂಚಿನಲ್ಲಿ ಸಣ್ಣ ಸಣ್ಣ ಬಣ್ಣದ ಚೌಕಗಳ ಪಟ್ಟಿಯಿದೆ. ಅವನ್ನು ಅಳೆದು ನೋಡಿಯೇ ಅವನು ತಲೆಯಾಡಿಸಿರುತ್ತಾನೆ. ಆದರೆ ಅದೇ ಹಾಳೆಯ ನಡುವೆ ಅಚ್ಚಾಗಿರುವ ಸಭೆಯ ಫೋಟೋ ನೋಡಿ. ವೇದಿಕೆ ಮೇಲೆ ಕೂತ ಬೆಳ್ಳಗಿನ ಮಂತ್ರಿಯ ಮುಖದಲ್ಲಿ ಹುಬ್ಬಿದೆ, ಕನ್ನಡಕದ ಕಡ್ಡಿಯಿದೆ, ತುಟಿಯಂಚಿನ ನಗೆಯೂ ಇದೆ. ಕೆಳಗೆ ನೆಲದ ಮೇಲೆ ಕೂತ ನಮ್ಮ ಜನದ ಮುಖದಲ್ಲಿ ಏನಿದೆ? ಹಲ್ಲು, ಕಣ್ಣಿನ ಬಿಳಿ. ಉಳಿದದ್ದೆಲ್ಲ ಮಸಿ. ಕೂಲಿ ಬಿಟ್ಟು, ಲಾರಿ ಹತ್ತಿ, ಇಪ್ಪತ್ತು ಮೈಲಿ ಬಂದ ಹೆಂಗಸಿಗೆ ಮಾರನೇ ದಿನದ ಪತ್ರಿಕೆಯಲ್ಲಿ ತನ್ನ ಮುಖ ಸಿಕ್ಕುವುದಿಲ್ಲ. ಹಾಗಿದ್ದರೆ ಆ ಬಣ್ಣ ಯಾರ ಮುಖಕ್ಕೆ ಕರೆಕ್ಟು?

ಈ ಪ್ರಶ್ನೆಯನ್ನು ನಾವೇ ಮೊದಲು ಕೇಳುತ್ತಿಲ್ಲ. ಅಮೆರಿಕದ ಕರಿಯರು ಇದನ್ನು ನೂರೆಪ್ಪತ್ತು ವರ್ಷಕ್ಕೂ ಹಿಂದಿನಿಂದ ಕೇಳುತ್ತ ಬಂದಿದ್ದಾರೆ. ಅವರಿಗೆ ಸಿಕ್ಕಿದ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಫೋಟೋ ಮತ್ತು ಅಚ್ಚಿನ ಚರಿತ್ರೆಯಲ್ಲಿ ‘ಸರಿ’ ಎಂಬ ಪದಕ್ಕೆ ಯಾರು ಯಜಮಾನರಾಗಿದ್ದರು ಎಂಬುದು ಕಾಣುತ್ತದೆ.

ಫ್ರೆಡರಿಕ್ ಡಗ್ಲಸ್ ಗುಲಾಮರಾಗಿ ಹುಟ್ಟಿದವರು. ಕದ್ದು ಓದು ಕಲಿತರು. 1838ರಲ್ಲಿ ತಪ್ಪಿಸಿಕೊಂಡು ಓಡಿದರು. ಭಾಷಣಕಾರರಾದರು, ‘ನಾರ್ತ್ ಸ್ಟಾರ್’ ಎಂಬ ಸ್ವಂತ ಪತ್ರಿಕೆ ನಡೆಸಿದರು. ಬಿಳಿಯ ಚಿತ್ರಕಾರರ ಕೈಯಲ್ಲಿ ಕರಿಯನ ಮುಖ ಪಕ್ಷಪಾತವಿಲ್ಲದೆ ಮೂಡುವುದು ಸಾಧ್ಯವಿಲ್ಲವೆಂದು 1849ರಲ್ಲಿ ಆ ಪತ್ರಿಕೆಯಲ್ಲೇ ವಾದಿಸಿದರು. ಕರಿಯನೆಂದರೆ ಹೀಗೇ ಇರುತ್ತಾನೆ ಎಂಬ ತೀರ್ಮಾನ ಚಿತ್ರಕಾರನ ತಲೆಯಲ್ಲಿ ಮೊದಲೇ ಕೂತಿರುತ್ತದೆ, ಎದುರಿಗಿರುವ ಮನುಷ್ಯನನ್ನು ಅವನು ನೋಡುವುದೇ ಇಲ್ಲ ಎಂಬುದು ಅವರ ತಕರಾರು. ಅದಕ್ಕೇ ಡಗ್ಲಸ್ ಕ್ಯಾಮೆರಾದ ಕಡೆ ತಿರುಗಿದರು. ಅವರ ಸುಮಾರು 160 ಫೋಟೋಗಳು ಇವತ್ತಿಗೂ ಉಳಿದಿವೆ. 19ನೇ ಶತಮಾನದ ಅಮೆರಿಕದಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಮನುಷ್ಯ ಅವರೇ, ಅಧ್ಯಕ್ಷ ಲಿಂಕನ್ ಕೂಡ ಅವರ ಹಿಂದೆ. ಷೋಕಿಗಾಗಿ ತೆಗೆಸಿಕೊಂಡದ್ದಲ್ಲ. ಒಂದೊಂದು ಫೋಟೋವೂ ಒಂದೊಂದು ಸಾಕ್ಷಿ.

ಆದರೆ ಆ ಕಾಲದ ಪತ್ರಿಕೆಗಳಿಗೆ ಫೋಟೋ ಅಚ್ಚು ಹಾಕಲು ಬರುತ್ತಿರಲಿಲ್ಲ. ಕೆತ್ತನೆಗಾರನೊಬ್ಬ ಫೋಟೋ ನೋಡಿಕೊಂಡು ಮರದ ಹಲಗೆಯಲ್ಲಿ ಗೆರೆ ಕೆತ್ತಬೇಕಿತ್ತು. ಅಂದರೆ ಡಗ್ಲಸ್ ಯಾವ ಕೈಯಿಂದ ತಪ್ಪಿಸಿಕೊಳ್ಳಲು ಕ್ಯಾಮೆರಾದ ಮುಂದೆ ಕೂತರೋ, ಅಚ್ಚಿಗೆ ಹೋಗುವಾಗ ಮುಖ ಮತ್ತೆ ಅದೇ ಕೈಗೆ ಬೀಳುತ್ತಿತ್ತು.

ಕ್ಯಾಮೆರಾ ತಾನೇ ಪಕ್ಷಪಾತವಿಲ್ಲದ್ದಾಗಿತ್ತೇ? ಅದೂ ಇಲ್ಲ. 19ನೇ ಶತಮಾನದ ಕೊಲೋಡಿಯನ್ ಗಾಜಿನ ಪ್ಲೇಟಿಗೆ ಕಾಣುತ್ತಿದ್ದದ್ದು ಬಹುಮಟ್ಟಿಗೆ ನೀಲಿ ಬೆಳಕು ಮಾತ್ರ. ಕೆಂಪು, ಹಳದಿಗೆ ಅದು ಕುರುಡು. ಕಂದು ಚರ್ಮದಿಂದ ಹೊಮ್ಮುವ ಬೆಳಕಿನಲ್ಲಿ ಕೆಂಪು, ಹಳದಿ ಹೆಚ್ಚು, ನೀಲಿ ಕಡಿಮೆ. ಹೀಗಾಗಿ ಕಣ್ಣಿಗೆ ಕಂದಾಗಿ ಕಾಣುವ ಮುಖ ಪ್ಲೇಟಿನಲ್ಲಿ ಅದಕ್ಕಿಂತ ಕಪ್ಪಾಗಿ ಬೀಳುತ್ತಿತ್ತು. 1857ರ ದಂಗೆಯ ನಂತರ ನಮ್ಮನ್ನು ‘ಅರಿತುಕೊಳ್ಳಲು’ ಹೊರಟ ಬ್ರಿಟಿಷ್ ಸರ್ಕಾರ 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳನ್ನು ಹೊರತಂದಿತು. ಜಾತಿ ಜಾತಿಯ, ಬುಡಕಟ್ಟು ಬುಡಕಟ್ಟಿನ ಜನರನ್ನು ನಿಲ್ಲಿಸಿ ತೆಗೆದ ಫೋಟೋಗಳು, ಪಕ್ಕದಲ್ಲಿ ಅವರ ಗುಣ ನಡತೆಯ ಬಗ್ಗೆ ಷರಾ. ಓದುವವನು ಲಂಡನ್ನಿನಲ್ಲಿ ಕುರ್ಚಿಯ ಮೇಲೆ ಕೂತು, ಇದು ಯಂತ್ರ ಹೇಳಿದ ಸತ್ಯ ಎಂದುಕೊಂಡ. ನೀಲಿ ಬಿಟ್ಟು ಬೇರೆ ಕಾಣದ ಗಾಜಿನ ಸತ್ಯ ಅದು! ಕೆಂಪನ್ನೂ ಕಾಣಬಲ್ಲ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಎಲ್ಲರ ಕೈಗೆ ಬರುವ ಹೊತ್ತಿಗೆ 1920ರ ದಶಕ ಬಂದಿತ್ತು.

1880ರ ಮಾರ್ಚ್ 4ರಂದು ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ ಒಂದು ಫೋಟೋವನ್ನು ಕೆತ್ತನೆಗಾರನ ಕೈ ಇಲ್ಲದೆ, ಹಾಫ್‌ಟೋನ್ ವಿಧಾನದಲ್ಲಿ ಅಚ್ಚು ಹಾಕಿತು. ದಿನಪತ್ರಿಕೆಯಲ್ಲಿ ಅಚ್ಚಾದ ಮೊದಲ ಹಾಫ್‌ಟೋನ್ ಫೋಟೋ ಎಂದು ಅದನ್ನು ಗುರುತಿಸುತ್ತಾರೆ. ಯಾವ ಚಿತ್ರ ಗೊತ್ತೆ? ನ್ಯೂಯಾರ್ಕಿನ ಒಂದು ಜೋಪಡಿಪಟ್ಟಿ. ಬಡವರ ಗುಡಿಸಲಿನಿಂದಲೇ ಪತ್ರಿಕೆಯ ಫೋಟೋ ಶುರುವಾಯಿತು ಎಂಬುದು ನಮಗೆ ಇಷ್ಟವಾದ ಸಂಗತಿ, ಹಾಗಾಗಿ ಹೇಳಿದೆವು.

ಹಾಫ್‌ಟೋನ್ ಅಂದರೆ ಮೋಸ, ಆದರೆ ಒಳ್ಳೆಯ ಮೋಸ. ಅಚ್ಚಿನ ಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಶಾಯಿ ಹಾಕು, ಇಲ್ಲ ಹಾಕಬೇಡ, ಎರಡೇ ಗೊತ್ತು. ಆದ್ದರಿಂದ ಚಿತ್ರವನ್ನು ಜಾಲರಿಯ ಮೂಲಕ ಹಾಯಿಸಿ ಚುಕ್ಕೆಗಳಾಗಿ ಒಡೆಯುತ್ತಾರೆ. ಬೆಳಕಿರುವ ಕಡೆ ಸಣ್ಣ ಚುಕ್ಕೆ, ಕತ್ತಲಿರುವ ಕಡೆ ದೊಡ್ಡ ಚುಕ್ಕೆ. ದೂರದಿಂದ ನೋಡಿದಾಗ ಕಣ್ಣು ಅವನ್ನು ಬೆರೆಸಿಕೊಂಡು ಬೂದು ಎಂದು ನಂಬುತ್ತದೆ. ದಿನಪತ್ರಿಕೆಯ ಒರಟು ಕಾಗದಕ್ಕೆ ಅಂಗುಲಕ್ಕೆ 65 ಸಾಲು ಚುಕ್ಕೆ, ನುಣುಪು ಆರ್ಟ್ ಪೇಪರಿಗೆ 133 ಅಥವಾ ಅದಕ್ಕೂ ಹೆಚ್ಚು. ಹಿಂದೆ ಟ್ರೆಡಲ್ ಮೆಷಿನ್ನಿನಲ್ಲಿ ಪತ್ರಿಕೆ ಮಾಡುತ್ತಿದ್ದವರಿಗೆ ಜಿಂಕ್ ಬ್ಲಾಕು ಮಾಡಿಸಲು ಪಟ್ಟಣಕ್ಕೆ ಅಲೆದದ್ದು, ಬ್ಲಾಕಿನ ದುಡ್ಡು ಹೊಂದಿಸಲಾಗದೆ ಫೋಟೋ ಬಿಟ್ಟು ಗೆರೆಚಿತ್ರ ಹಾಕಿದ್ದು ಗೊತ್ತಿರುತ್ತದೆ. ಆ ಚುಕ್ಕೆಯ ವಿಚಾರಕ್ಕೆ ಮತ್ತೆ ಬರುತ್ತೇವೆ. ಮುಖ ನುಂಗುವ ಕೆಲಸ ನಡೆಯುವುದು ಅಲ್ಲೇ.

ಕೈಯಿಂದ ತಪ್ಪಿಸಿಕೊಂಡ ಮುಖ ಈಗ ಯಂತ್ರದ ಪಾಲಾಯಿತು. 1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕೆ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರು ಕರಿಯರ 363 ಫೋಟೋಗಳನ್ನು ಆಲ್ಬಮ್ಮುಗಳಲ್ಲಿ ಜೋಡಿಸಿ ಒಯ್ದರು. ಇದೇ ಡುಬಾಯ್ಸ್ ಅವರಿಗೆ ಬಾಬಾಸಾಹೇಬರು 1946ರಲ್ಲಿ ಪತ್ರ ಬರೆದು, ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸುತ್ತಿರುವ ಅರ್ಜಿಯ ಪ್ರತಿ ಕೇಳಿದ್ದರು, ಅವರು ಉತ್ತರವನ್ನೂ ಬರೆದರು. ಡುಬಾಯ್ಸ್ 1910ರಿಂದ ‘ದಿ ಕ್ರೈಸಿಸ್’ ಎಂಬ ಪತ್ರಿಕೆಯ ಸಂಪಾದಕರು. ಚಳವಳಿಯ ಪತ್ರಿಕೆ. ನಮ್ಮಂಥವರ ಪತ್ರಿಕೆ. ಅಂಥ ಸಂಪಾದಕನ ಮೇಜಿಗೆ ದಿನಾ ಬಂದು ಬೀಳುವ ಕೆಟ್ಟ ಫೋಟೋಗಳನ್ನು ನೋಡಿ ನೋಡಿ ಸಾಕಾಗಿರಬೇಕು. 1923ರಲ್ಲಿ ಅವರು ತಮ್ಮ ಅಭಿಪ್ರಾಯದ ಪುಟದಲ್ಲಿ ಕರಿಯ ತರುಣ ತರುಣಿಯರು ಯಾಕೆ ಫೋಟೋಗ್ರಫಿಯನ್ನು ಕಸುಬಾಗಿ ಹಿಡಿಯುತ್ತಿಲ್ಲ ಎಂದು ಕೇಳಿದರು. ಸಾಮಾನ್ಯ ಬಿಳಿಯ ಫೋಟೋಗ್ರಾಫರನಿಗೆ ನಮ್ಮ ಚರ್ಮವನ್ನು ಹೇಗೆ ಹಿಡಿಯಬೇಕೆಂದು ಗೊತ್ತಿಲ್ಲ, ಅದರ ಬಣ್ಣದ ನಯ ಅವನಿಗೆ ಕಾಣುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ ಎಂಬುದು ಅವರ ಮಾತಿನ ಸಾರ. ಗಮನಿಸಿ, ಅವರು ಬೆಳ್ಳಗೆ ಮಾಡಿಕೊಡಿ ಎಂದು ಕೇಳಲಿಲ್ಲ. ಇದ್ದ ಬಣ್ಣದ ನಯ ಕಾಣಿಸಿ ಎಂದರು. ಈ ಎರಡರ ನಡುವೆ ಇರುವ ವ್ಯತ್ಯಾಸವೇ ಈ ಬರಹದ ವಿಷಯ.

ಇನ್ನು ಬಣ್ಣದ ಫಿಲ್ಮಿನ ಕತೆ. ಕೊಡಕ್ ಕಂಪನಿ 1935ರಲ್ಲಿ ಕೊಡಕ್ರೋಮ್ ಎಂಬ ಫಿಲ್ಮನ್ನೂ 1942ರಲ್ಲಿ ಕೊಡಕಲರ್ ಎಂಬುದನ್ನೂ ಮಾರುಕಟ್ಟೆಗೆ ತಂದಿತು. ಮೊದಮೊದಲು ಫಿಲ್ಮಿನ ಬೆಲೆಯಲ್ಲೇ ತೊಳೆದು ಪ್ರಿಂಟು ಹಾಕುವ ಖರ್ಚೂ ಸೇರಿತ್ತು. ಗಿರಾಕಿ ಫಿಲ್ಮನ್ನು ಕಂಪನಿಗೇ ವಾಪಸು ಕಳಿಸಬೇಕು, ಕಂಪನಿಯೇ ಪ್ರಿಂಟು ಕಳಿಸುತ್ತಿತ್ತು. ಇದು ಏಕಸ್ವಾಮ್ಯ ಎಂದು ಅಮೆರಿಕ ಸರ್ಕಾರ ಹೂಡಿದ ಮೊಕದ್ದಮೆ 1954ರಲ್ಲಿ ರಾಜಿಯಲ್ಲಿ ಮುಗಿದು, ಕೊಡಕ್ ಇವೆರಡನ್ನೂ ಬೇರೆ ಮಾಡಬೇಕಾಯಿತು. ಆಗ ಊರೂರಿಗೆ ಬೇರೆಯವರ ಲ್ಯಾಬುಗಳು ಹುಟ್ಟಿದವು. ಎಲ್ಲ ಲ್ಯಾಬಿನಲ್ಲೂ ಬಣ್ಣ ಒಂದೇ ಥರ ಬರಬೇಕಲ್ಲ? ಅದಕ್ಕೆ ಕೊಡಕ್ ಒಂದು ಮಾದರಿ ಕಾರ್ಡನ್ನೂ ಅದರ ನೆಗೆಟಿವನ್ನೂ ಕಳಿಸತೊಡಗಿತು. ಕಾರ್ಡಿನಲ್ಲಿ ಒಬ್ಬ ಬಿಳಿಯ ಹೆಂಗಸು, ಎದ್ದು ಕಾಣುವ ಬಣ್ಣದ ಉಡುಪು, ಕೆಲವು ಬಣ್ಣದ ವಸ್ತುಗಳು. ಮೊದಲು ರೂಪದರ್ಶಿಯಾದ ಕಂಪನಿಯ ನೌಕರಳ ಹೆಸರು ಶರ್ಲಿ. ಮುಂದೆ ಹೆಂಗಸರು ಬದಲಾದರೂ ಹೆಸರು ಹಾಗೇ ಉಳಿದು, ಇಡೀ ಕಸುಬಿನಲ್ಲಿ ಅದು ‘ಶರ್ಲಿ ಕಾರ್ಡ್’ ಆಯಿತು. ಲ್ಯಾಬಿನವನು ಆ ನೆಗೆಟಿವನ್ನು ತನ್ನ ಯಂತ್ರದಲ್ಲಿ ಪ್ರಿಂಟು ಮಾಡಿ ಕಾರ್ಡಿನ ಪಕ್ಕ ಇಟ್ಟು ನೋಡುವುದು. ಶರ್ಲಿಯ ಕೆನ್ನೆ ಸರಿ ಬಂತೋ, ಯಂತ್ರ ಸರಿ ಇದೆ ಎಂದರ್ಥ. ಕಾರ್ಡಿನ ಮೇಲೆ ಒಂದು ಪದ ಅಚ್ಚಾಗಿರುತ್ತಿತ್ತು: ‘ನಾರ್ಮಲ್.’

ಆಮೇಲೆ ಆ ಯಂತ್ರದಲ್ಲಿ ಯಾರ ಫೋಟೋ ಬಂದರೂ ಶರ್ಲಿಯ ಅಳತೆಯಲ್ಲೇ ಪ್ರಿಂಟಾಗಬೇಕು. ಅಮೆರಿಕದ ಶಾಲೆಗಳಲ್ಲಿ ಬಿಳಿ ಮಕ್ಕಳೂ ಕರಿ ಮಕ್ಕಳೂ ಒಂದೇ ತರಗತಿಯಲ್ಲಿ ಕೂರಲು ಶುರುವಾದ ಕಾಲ. ಗುಂಪಿನ ಫೋಟೋದಲ್ಲಿ ಬಿಳಿ ಮಕ್ಕಳ ಮುಖ ಚೆನ್ನಾಗಿ ಬಂದರೆ ಕರಿ ಮಕ್ಕಳ ಮುಖ ಕಣ್ಣು ಹಲ್ಲು ಬಿಟ್ಟು ಕತ್ತಲು. ಕೋರ್ಟಿನ ತೀರ್ಪಿನಿಂದ ಒಂದೇ ಬೆಂಚಿಗೆ ಬಂದ ಮಕ್ಕಳನ್ನು ಫಿಲ್ಮು ಮತ್ತೆ ಬೇರೆ ಮಾಡಿತು. ತಾಯಂದಿರು ದೂರು ಹೇಳಿದರು. ಲ್ಯಾಬಿನವರ ಉತ್ತರ ಏನಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ: ಬೆಳಕು ಸಾಲದು, ಕ್ಯಾಮೆರಾ ಸರಿಯಿಲ್ಲ, ಬಣ್ಣವೇ ಹಾಗೆ.

ಕೆನಡಾದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಲೋರ್ನಾ ರಾತ್ ಎಂಬ ಸಂಶೋಧಕಿ ಈ ಕಾರ್ಡಿನ ಚರಿತ್ರೆಯನ್ನು ಕೆದಕಿ 2009ರಲ್ಲಿ ಒಂದು ಲೇಖನ ಪ್ರಕಟಿಸಿದರು. ಕೊಡಕ್ಕಿನ ಹಳೆಯ ಅಧಿಕಾರಿಗಳು ಅವರಿಗೆ ಹೇಳಿದ ಮಾತು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಕಂಪನಿ ಕಡು ಬಣ್ಣಗಳ ಕಡೆ ಗಂಭೀರವಾಗಿ ಗಮನ ಕೊಟ್ಟದ್ದು ಕರಿಯ ತಾಯಂದಿರ ಮಾತಿಗಲ್ಲ, ಚಾಕೊಲೇಟ್ ಕಂಪನಿಗಳ ಮತ್ತು ಪೀಠೋಪಕರಣ ಕಂಪನಿಗಳ ಮಾತಿಗೆ! ಜಾಹೀರಾತಿನಲ್ಲಿ ಹಾಲಿನ ಚಾಕೊಲೇಟಿಗೂ ಕಡು ಚಾಕೊಲೇಟಿಗೂ ವ್ಯತ್ಯಾಸ ಕಾಣುತ್ತಿಲ್ಲ ಎಂದು ಅವರ ದೂರು. ಕಡು ಬಣ್ಣದ ಮರದ ಗೆರೆ, ಗಂಟು ಫೋಟೋದಲ್ಲಿ ಬರುತ್ತಿಲ್ಲ ಎಂದು ಇವರ ದೂರು. ದೊಡ್ಡ ಗಿರಾಕಿಗಳು, ಕೇಳದೆ ವಿಧಿಯಿಲ್ಲ. ರಸಾಯನ ತಿದ್ದಿದರು. 1980ರ ದಶಕದಲ್ಲಿ ಹೊಸ ಫಿಲ್ಮು ಬಂದಾಗ ಮಂದ ಬೆಳಕಿನಲ್ಲಿ ಕಪ್ಪು ಕುದುರೆಯ ವಿವರ ಕೂಡ ಇದರಲ್ಲಿ ಬರುತ್ತದೆ ಎಂಬರ್ಥದ ಮಾತನ್ನು ಕಂಪನಿಯವರು ಆಡಿದರು. ಕುದುರೆ! ಕಪ್ಪು ಮನುಷ್ಯ ಎನ್ನಲು ಬಾಯಿ ಬರಲಿಲ್ಲ. ಬಿಳಿ, ಕರಿ, ಏಷ್ಯಾದ ಮೂವರು ಹೆಂಗಸರು ಒಟ್ಟಿಗಿರುವ ಶರ್ಲಿ ಕಾರ್ಡು ಬಂದದ್ದು 1990ರ ದಶಕದ ನಡುವೆ. ಅಷ್ಟು ಹೊತ್ತಿಗೆ ಫಿಲ್ಮಿನ ಕಾಲವೇ ಮುಗಿಯುತ್ತ ಬಂದಿತ್ತು. 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು.

ಕೊಡಕ್ಕಿನ ರಸಾಯನ ಶಾಸ್ತ್ರಜ್ಞರು ಒಂದು ಕೋಣೆಯಲ್ಲಿ ಕೂತು ಹುನ್ನಾರ ಮಾಡಿದರು ಎಂದು ನಾವು ಹೇಳುತ್ತಿಲ್ಲ. ಹುನ್ನಾರದ ಅಗತ್ಯವೇ ಇರಲಿಲ್ಲ. ಕೊಳ್ಳುವವರು ಬಿಳಿಯರು, ಮಾರುವವರು ಬಿಳಿಯರು, ಪರೀಕ್ಷೆಗೆ ಎದುರಿಗೆ ಕೂತ ಹುಡುಗಿ ಬಿಳಿಯಳು. ಬೇರೆ ಮುಖ ಅವರ ಲೆಕ್ಕಕ್ಕೇ ಬರಲಿಲ್ಲ. ತಿಳುವಳಿಕೆ ಇರಲಿಲ್ಲ ಎನ್ನುವಂತೆಯೂ ಇಲ್ಲ. 1976ರಲ್ಲೇ ಮ್ಯಾಕ್‌ಬೆತ್ ಕಂಪನಿ ‘ಕಲರ್‌ಚೆಕರ್’ ಎಂಬ 24 ಚೌಕಗಳ ಹಲಗೆಯನ್ನು ತಂದಿತ್ತು. ಇವತ್ತಿಗೂ ಫೋಟೋದವರು ಅಳತೆಗೆ ಬಳಸುವುದು ಅದನ್ನೇ. ಅದರ ಮೊದಲ ಚೌಕ ‘ಕಡು ಚರ್ಮ’, ಎರಡನೆಯದು ‘ತಿಳಿ ಚರ್ಮ’. ಎರಡೂ ಬೇಕು ಎಂದು ಗೊತ್ತಿದ್ದವರಿಗೆ ಗೊತ್ತಿತ್ತು.

ಕರಿಯರ ಮುಖ ಚೆನ್ನಾಗಿ ಬರಲೇಬೇಕು ಎಂದು ಹಟ ಹಿಡಿದ ಒಂದು ಜಾಗವೂ ಇತ್ತು. ಅದು ಪೊಲೀಸರ ಕಚೇರಿ. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ ಪ್ರತಿ ಕರಿಯನೂ ಪಾಸ್‌ಬುಕ್ ಇಟ್ಟುಕೊಳ್ಳಬೇಕೆಂದು ಕಾನೂನು ಮಾಡಿತ್ತು. ಜನ ಅದನ್ನು ‘ದೊಂಪಾಸ್’ ಎನ್ನುತ್ತಿದ್ದರು, ಅಂದರೆ ದಡ್ಡ ಪಾಸು. ಅದಿಲ್ಲದೆ ಬಿಳಿಯರ ಪಟ್ಟಣದಲ್ಲಿ ಕಾಲಿಟ್ಟರೆ ಜೈಲು. ಅದರೊಳಗೆ ಫೋಟೋ. ಆ ಫೋಟೋಗಳಿಗೆ ಅಮೆರಿಕದ ಪೋಲರಾಯ್ಡ್ ಕಂಪನಿಯ ಸರಕು ಬಳಕೆಯಾಗುತ್ತಿತ್ತು. ಅದೇ ಕಂಪನಿಯ ಐಡಿ-2 ಎಂಬ ಗುರುತಿನ ಚೀಟಿಯ ಕ್ಯಾಮೆರಾದಲ್ಲಿ ಫ್ಲ್ಯಾಶಿನ ಬೆಳಕನ್ನು ಹೆಚ್ಚಿಸಲೆಂದೇ ಒಂದು ಗುಂಡಿ ಇತ್ತು. ಅದು ಕಡು ಚರ್ಮಕ್ಕೆಂದೇ ಇಟ್ಟದ್ದೆಂದು ಆಡಂ ಬ್ರೂಂಬರ್ಗ್ ಮತ್ತು ಆಲಿವರ್ ಚಾನರಿನ್ ಎಂಬ ಇಬ್ಬರು ಕಲಾವಿದರು ಮುಂದೆ ವಾದಿಸಿ, ಅದೇ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು. ಮಗುವಿನ ಶಾಲೆಯ ಫೋಟೋಕ್ಕೆ ಸಿಕ್ಕದ ಬೆಳಕು ಪಾಸಿನ ಫೋಟೋಕ್ಕೆ ಸಿಕ್ಕಿತು.

ಇದನ್ನು ತಡೆದದ್ದು ಯಾರೋ ದೊಡ್ಡವರಲ್ಲ, ಅದೇ ಕಂಪನಿಯ ಇಬ್ಬರು ಕರಿಯ ನೌಕರರು. ಕ್ಯಾರೊಲಿನ್ ಹಂಟರ್ ರಸಾಯನ ವಿಭಾಗದಲ್ಲಿದ್ದರು, ಕೆನ್ ವಿಲಿಯಮ್ಸ್ ಫೋಟೋಗ್ರಾಫರ್. 1970ರಲ್ಲಿ ಒಂದು ದಿನ ಊಟಕ್ಕೆ ಹೋಗುವಾಗ ಕಂಪನಿಯ ಗೋಡೆಯ ಮೇಲೆ ಒಂದು ಗುರುತಿನ ಚೀಟಿಯ ಮಾದರಿ ಕಣ್ಣಿಗೆ ಬಿತ್ತು: ದಕ್ಷಿಣ ಆಫ್ರಿಕಾದ ಗಣಿ ಇಲಾಖೆಯದ್ದು. ಕೆಲವೇ ದಿನಗಳಲ್ಲಿ, ಪೋಲರಾಯ್ಡ್ 60 ಸೆಕೆಂಡಿನಲ್ಲಿ ಕರಿಯರನ್ನು ಬಂಧಿಸುತ್ತದೆ ಎಂಬ ಕರಪತ್ರಗಳು ಕಂಪನಿಯ ತುಂಬ ಕಾಣಿಸಿಕೊಂಡವು. ಅರವತ್ತು ಸೆಕೆಂಡಿನಲ್ಲಿ ಫೋಟೋ ಎನ್ನುವುದೇ ಆ ಕಂಪನಿಯ ಹೆಮ್ಮೆಯಾಗಿತ್ತು, ಆ ಹೆಮ್ಮೆಯನ್ನೇ ತಿರುಗಿಸಿ ಹೊಡೆದರು. ಪೋಲರಾಯ್ಡ್ ಕ್ರಾಂತಿಕಾರಿ ಕಾರ್ಮಿಕರ ಚಳವಳಿ ಎಂದು ಸಂಘಟನೆ ಕಟ್ಟಿದರು, ಸರಕು ಬಹಿಷ್ಕಾರಕ್ಕೆ ಕರೆ ಕೊಟ್ಟರು. ವಿಲಿಯಮ್ಸ್ ಕೆಲಸ ಬಿಟ್ಟರು. ಹಂಟರ್ ಅವರನ್ನು 1971ರಲ್ಲಿ ಕೆಲಸದಿಂದ ತೆಗೆದರು. ಸರ್ಕಾರಕ್ಕೆ ಮಾರುವುದನ್ನು ನಿಲ್ಲಿಸುತ್ತೇವೆ ಎಂದು ಕಂಪನಿ ಮಾತು ಕೊಟ್ಟಿತು. ಅಲ್ಲಿನ ವಿತರಕರು ಗುಟ್ಟಾಗಿ ಮಾರುತ್ತಲೇ ಇದ್ದರೆಂಬುದು 1977ರಲ್ಲಿ ಬಯಲಿಗೆ ಬಂತು. ಕೊನೆಗೆ ಅದೇ ವರ್ಷ ಕಂಪನಿ ದಕ್ಷಿಣ ಆಫ್ರಿಕಾ ಬಿಟ್ಟು ಹೊರಟಿತು. ಏಳು ವರ್ಷ ಹಿಡಿಯಿತು.

ಕಂಪ್ಯೂಟರ್ ಬಂದಮೇಲೆ ಇದೆಲ್ಲ ಸರಿಹೋಯಿತು ಎನ್ನುವವರಿದ್ದಾರೆ. ಅವರು 1994ರ ಜೂನ್ 27ರ ಎರಡು ಪತ್ರಿಕೆಗಳನ್ನು ನೋಡಬೇಕು. ಓ.ಜೆ. ಸಿಂಪ್ಸನ್ ಎಂಬ ಕರಿಯ ಫುಟ್‌ಬಾಲ್ ಆಟಗಾರನ ಮೇಲೆ ಕೊಲೆ ಆರೋಪ. ಲಾಸ್ ಏಂಜಲೀಸ್ ಪೊಲೀಸರು ತೆಗೆದ ಒಂದೇ ಫೋಟೋ ‘ನ್ಯೂಸ್‌ವೀಕ್’ ಮುಖಪುಟದಲ್ಲೂ ‘ಟೈಮ್’ ಮುಖಪುಟದಲ್ಲೂ ಬಂತು. ‘ನ್ಯೂಸ್‌ವೀಕ್’ನಲ್ಲಿ ಪೊಲೀಸರು ತೆಗೆದಂತೆಯೇ ಇತ್ತು. ‘ಟೈಮ್’ನಲ್ಲಿ ಅದನ್ನು ಕಲಾವಿದನೊಬ್ಬ ಕಂಪ್ಯೂಟರಿನಲ್ಲಿ ತಿದ್ದಿ ಮುಖ ಕಪ್ಪು ಮಾಡಿದ್ದ, ಅಂಚುಗಳಿಗೆ ಕತ್ತಲು ತುಂಬಿದ್ದ. ಅಂಗಡಿಯ ಕಟ್ಟೆಯ ಮೇಲೆ ಎರಡೂ ಅಕ್ಕಪಕ್ಕ ಬಿದ್ದಿದ್ದರಿಂದ ಜನಕ್ಕೆ ಗೊತ್ತಾಯಿತು, ಇಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗದ್ದಲ ಎದ್ದಿತು. ಸಂಪಾದಕರು ಮುಂದಿನ ಸಂಚಿಕೆಯಲ್ಲಿ ಸಮಜಾಯಿಷಿ ಬರೆದರು. ಕಲಾತ್ಮಕವಾಗಿ ಮಾಡಿದ್ದು, ಜನಾಂಗದ ದುರುದ್ದೇಶ ಇರಲಿಲ್ಲ ಅಂತ. ಇರಲಿಲ್ಲವೇನೋ. ಅಪರಾಧ ಎಂದರೆ ಕೈ ತಾನಾಗಿ ಕಪ್ಪು ಬಳಿಯಿತಲ್ಲ, ನಮ್ಮ ಪ್ರಶ್ನೆ ಅದು. ಡಗ್ಲಸ್ 1849ರಲ್ಲಿ ಹೇಳಿದ್ದೂ ಇದನ್ನೇ.

ಈಗ ಯಂತ್ರದ ಕಡೆ ಬರೋಣ. ಕ್ಯಾಮೆರಾ, ಕಂಪ್ಯೂಟರಿನ ಪರದೆ, ಅಚ್ಚಿನ ಮೆಷಿನ್ನು, ಒಂದೊಂದೂ ಬಣ್ಣವನ್ನು ತನ್ನ ತನ್ನ ಆಡುಮಾತಿನಲ್ಲಿ ಹೇಳುತ್ತದೆ. ಬೀದರಿನವನೂ ಮಂಗಳೂರಿನವನೂ ಮಾತಿಗೆ ಕೂತಂತೆ. 1993ರಲ್ಲಿ ಅಡೋಬಿ, ಆಪಲ್, ಆಗ್ಫಾ, ಕೊಡಕ್, ಮೈಕ್ರೋಸಾಫ್ಟ್ ಸೇರಿ ಎಂಟು ಕಂಪನಿಗಳು ಐಸಿಸಿ ಎಂಬ ಒಕ್ಕೂಟ ಮಾಡಿಕೊಂಡು ಇದಕ್ಕೊಂದು ದುಭಾಷಿಯನ್ನು ಕಟ್ಟಿದವು. ಅದರ ಹೆಸರು ಪ್ರೊಫೈಲ್. ಪ್ರತಿ ಯಂತ್ರಕ್ಕೂ ಒಂದು ನಿಘಂಟು ಎಂದಿಟ್ಟುಕೊಳ್ಳಿ. ಯಂತ್ರದ ಅಂಕಿಯನ್ನು ಮನುಷ್ಯನ ಕಣ್ಣಿಗೆ ಕಾಣುವ ಬಣ್ಣದ ಅಂಕಿಗೆ ಅದು ಬದಲಿಸುತ್ತದೆ, ಅಲ್ಲಿಂದ ಇನ್ನೊಂದು ಯಂತ್ರದ ಅಂಕಿಗೆ. ಆ ಮನುಷ್ಯನ ಕಣ್ಣು ಯಾರದು? 1920ರ ದಶಕದಲ್ಲಿ ರೈಟ್ ಮತ್ತು ಗಿಲ್ಡ್ ಎಂಬ ವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ಒಟ್ಟು 17 ಜನರ ಕಣ್ಣನ್ನು ಪರೀಕ್ಷಿಸಿ ತೆಗೆದ ಲೆಕ್ಕ ಅದು. 1931ರಲ್ಲಿ ಅದೇ ಜಗತ್ತಿನ ‘ಪ್ರಮಾಣ ವೀಕ್ಷಕ’ ಆಯಿತು. ಹದಿನೇಳೇ ಜನವಾದರೂ ಆ ಲೆಕ್ಕ ತೊಂಬತ್ತು ವರ್ಷ ದಾಟಿ ಬಾಳುತ್ತಿದೆ, ಆ ಬಗ್ಗೆ ನಮ್ಮ ತಕರಾರಿಲ್ಲ. ನೋಡುವ ಕಣ್ಣಲ್ಲಿ ಅಂಥ ಭೇದವಿಲ್ಲ. ಭೇದ ಬರುವುದು ಕಾಗದದ ಮೇಲೆ.

ಬೆಳಕಿನ ಮಟ್ಟವನ್ನು ‘ಎಲ್’ ಎಂಬ ಅಂಕಿಯಲ್ಲಿ ಅಳೆಯುತ್ತಾರೆ. ಸೊನ್ನೆ ಅಂದರೆ ಕಡುಗಪ್ಪು, 100 ಅಂದರೆ ಶುದ್ಧ ಬಿಳಿ. ಕಲರ್‌ಚೆಕರ್ ಹಲಗೆಯ ‘ತಿಳಿ ಚರ್ಮ’ದ ಎಲ್ ಸುಮಾರು 66, ‘ಕಡು ಚರ್ಮ’ದ್ದು ಸುಮಾರು 38. ದಿನಪತ್ರಿಕೆಯ ಕಾಗದ ಬಿಳಿಯಲ್ಲ, ಅದು 80ರ ಆಸುಪಾಸು. ಅದರ ಮೇಲೆ ಬಿದ್ದ ಕಪ್ಪು ಶಾಯಿ ಕಪ್ಪೂ ಅಲ್ಲ, ಎಷ್ಟು ಸುರಿದರೂ 30ರ ಮೇಲೇ ನಿಲ್ಲುತ್ತದೆ. ಲೆಕ್ಕ ಹಾಕಿ ನೋಡಿ. ಬಿಳಿಯ ಮುಖಕ್ಕೆ ಕೆಳಗೆ ಮೂವತ್ತು ಮೆಟ್ಟಿಲು ಜಾಗವಿದೆ. ಮೂಗಿನ ನೆರಳು, ಗಲ್ಲದ ಗುಳಿ, ಕಣ್ಣಿನ ಸುತ್ತಿನ ಸುಕ್ಕು ಎಲ್ಲ ಅದರೊಳಗೆ ಹಿಡಿಸುತ್ತದೆ. ಕಪ್ಪು ಮುಖಕ್ಕೆ ಕೆಳಗೆ ಉಳಿಯುವುದು ನಾಲ್ಕಾರು ಮೆಟ್ಟಿಲು. ಅಲ್ಲೇ ಮೂಗು, ಅಲ್ಲೇ ಗಲ್ಲ, ಅಲ್ಲೇ ಕೂದಲು, ಅಲ್ಲೇ ಹಿಂದಿನ ಗೋಡೆ.

ಇದರ ಮೇಲೆ ಚುಕ್ಕೆಯ ಕಾಟ. ಒದ್ದೆ ಶಾಯಿ ಕಾಗದದಲ್ಲಿ ಹರಡಿಕೊಳ್ಳುತ್ತದೆ, ಚುಕ್ಕೆ ದಪ್ಪವಾಗುತ್ತದೆ. ಇದಕ್ಕೆ ಡಾಟ್ ಗೇನ್ ಅನ್ನುತ್ತಾರೆ. ನ್ಯೂಸ್‌ಪ್ರಿಂಟಿನ ಅಂತರರಾಷ್ಟ್ರೀಯ ಮಟ್ಟದಲ್ಲೇ ಶೇಕಡಾ 50ರ ಚುಕ್ಕೆಗೆ 26ರಷ್ಟು ಹೆಚ್ಚಳವನ್ನು ಒಪ್ಪಿಕೊಂಡಿದ್ದಾರೆ. ಅಂದರೆ ಅರ್ಧ ಎಂದು ಕಳಿಸಿದ್ದು ಮುಕ್ಕಾಲಾಗಿ ಬೀಳುತ್ತದೆ. ಬಿಳಿ ಮುಖದ ಚುಕ್ಕೆಗಳು ಬಹುಪಾಲು ಸಣ್ಣವು, ದಪ್ಪವಾದರೂ ಸುತ್ತ ಕಾಗದ ಉಳಿಯುತ್ತದೆ. ಕಪ್ಪು ಮುಖದವು 60, 70, 80ರಲ್ಲಿರುತ್ತವೆ. ಅವು ಸ್ವಲ್ಪ ಹಿಗ್ಗಿದರೂ ಒಂದಕ್ಕೊಂದು ಕೂಡಿಕೊಂಡು ಗಾರೆ ಬಳಿದ ಹಾಗೆ ಆಗುತ್ತದೆ. ಅಂಚಿನ ಪಟ್ಟಿಯನ್ನು ಅಳೆದು ಕರೆಕ್ಟು ಅಂದನಲ್ಲ ಅಚ್ಚಿನವನು, ಅವನು ಅಳೆದ ಲೆಕ್ಕದಲ್ಲಿ ತಪ್ಪಿಲ್ಲ. ಅಳೆಯುವ ಮೊದಲೇ ಮುಖ ಹೋಗಿತ್ತು.

ಹಾಗಾದರೆ ಬೆಳ್ಳಗೆ ಮಾಡಿ ಹಾಕಿ ಎನ್ನಬೇಕೆ? ನಮ್ಮ ನಾಡಿನಲ್ಲಿ ನಡೆದದ್ದು ಈ ಇನ್ನೊಂದು ಅನ್ಯಾಯ. ರಾಜಾ ರವಿವರ್ಮ 1894ರಲ್ಲಿ ಬೊಂಬಾಯಿಯಲ್ಲಿ ಶುರುಮಾಡಿದ ಪ್ರೆಸ್ಸಿನ ಕಲ್ಲಚ್ಚಿನಿಂದ ಹೊರಟ ಲಕ್ಷ್ಮಿ, ಸರಸ್ವತಿಯರು ಗುಲಾಬಿ ಕೆನ್ನೆ ಹೊತ್ತು ಮನೆಮನೆಯ ಗೋಡೆ ಹತ್ತಿದರು. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಮಾರುಕಟ್ಟೆಗೆ ಬಂತು. 45 ವರ್ಷ ಮಾರಿ, 2020ರಲ್ಲಿ ಕರಿಯರ ಜೀವಕ್ಕೂ ಬೆಲೆಯಿದೆ ಎಂಬ ಕೂಗು ಅಮೆರಿಕದಿಂದ ಎದ್ದಾಗ ಹೆಸರಲ್ಲಿದ್ದ ‘ಫೇರ್’ ಎಂಬುದನ್ನು ಮಾತ್ರ ತೆಗೆದರು. ಸ್ಟುಡಿಯೋದವನು ಮದುವೆಗೆ ತೋರಿಸುವ ಹುಡುಗಿಯ ಫೋಟೋವನ್ನು ಕೇಳದೆಯೇ ಎರಡು ಬಣ್ಣ ತಿಳಿಮಾಡಿ ಕೊಡುತ್ತಾನೆ. ಇದೆಲ್ಲಕ್ಕಿಂತ ನೋವಿನದು ಬಾಬಾಸಾಹೇಬರ ಕ್ಯಾಲೆಂಡರುಗಳು. ಎಷ್ಟೊಂದರಲ್ಲಿ ಅವರ ಮುಖ ಸೇಬಿನ ಹಾಗೆ ಕೆಂಪಗಿದೆ! ಅಚ್ಚು ಮಾಡಿದವರು ಪ್ರೀತಿಯಿಂದಲೇ ಮಾಡಿದ್ದಾರೆ. ದೊಡ್ಡವರೆಂದರೆ ಕೆಂಪಗಿರಬೇಕೆಂದು ಅವರ ಬ್ರಷ್ಷಿಗೆ ಕಲಿಸಿದವರು ಬೇರೆ.

ಮಸಿ ಬಳಿಯುವುದೂ ಬೇಡ, ಸುಣ್ಣ ಬಳಿಯುವುದೂ ಬೇಡ ಎಂದರೆ ಉಳಿದ ದಾರಿ ಯಾವುದು ಎಂಬುದನ್ನು ನ್ಯೂಯಾರ್ಕಿನ ಹಾರ್ಲೆಮ್ಮಿನ ಫೋಟೋಗ್ರಾಫರ್ ರಾಯ್ ಡಿಕರಾವಾ ತೋರಿಸಿದ್ದರು. 1955ರಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಜೊತೆ ಅವರು ತಂದ ಪುಸ್ತಕದ ಹೆಸರು ‘ದಿ ಸ್ವೀಟ್ ಫ್ಲೈಪೇಪರ್ ಆಫ್ ಲೈಫ್’. ಅವರು ಕಪ್ಪನ್ನು ಹೆದರಿಕೆಯಿಂದ ತಿಳಿಮಾಡಲಿಲ್ಲ. ಕಪ್ಪಿನೊಳಗೆ ಹತ್ತು ಕಪ್ಪು ಬಿಡಿಸಿದರು. ಮುಖ ಕತ್ತಲಲ್ಲೇ ಇರುತ್ತದೆ, ಆದರೆ ಆ ಕತ್ತಲಲ್ಲಿ ಕೆನ್ನೆಯ ದುಂಡು ಕಾಣುತ್ತದೆ.

ಈಗ ಫೋಟೋ ಸಿದ್ಧಮಾಡುವ ನಮ್ಮ ಹುಡುಗರು ಹುಡುಗಿಯರು ಇದನ್ನು ಕಂಪ್ಯೂಟರಿನಲ್ಲಿ ಮಾಡಬಹುದು, ಕಷ್ಟವೇನಲ್ಲ. ಮೊದಲನೆಯದು ಬೆಳಕು. ಬಿಳಿ ಮುಖದ ಆಕಾರವನ್ನು ನೆರಳು ಬಿಡಿಸುತ್ತದೆ, ಕಪ್ಪು ಮುಖದ ಆಕಾರವನ್ನು ಮಿನುಗು ಬಿಡಿಸುತ್ತದೆ. ಹಣೆಯ ಹೊಳಪು, ಕೆನ್ನೆ ಮೂಳೆಯ ಮೇಲಿನ ಬೆಳಕು, ಮೂಗಿನ ತುದಿ. ಬೆವರು ಎಂದು ಅದನ್ನು ಅಳಿಸಿಬಿಟ್ಟರೆ ಮುಖ ಚಪ್ಪಟೆಯಾಗುತ್ತದೆ. ಎರಡನೆಯದು, ಚಿತ್ರವನ್ನು ಕಣ್ಣಂದಾಜಿನಲ್ಲಿ ತಿದ್ದದೆ, ಪರದೆಯನ್ನು ಅಳೆದು ಹೊಂದಿಸಿ, ಆ ಅಚ್ಚಿನ ಮನೆಯ, ಆ ಕಾಗದದ ಪ್ರೊಫೈಲ್ ಕೇಳಿ ತಂದು, ಅದರಲ್ಲಿ ಹೇಗೆ ಬೀಳುತ್ತದೆಂದು ಪರದೆಯಲ್ಲೇ ನೋಡಿಕೊಳ್ಳುವುದು. ಆರ್ಟ್ ಪೇಪರಿನ ಲೆಕ್ಕಕ್ಕೆ ಮಾಡಿದ ಫೈಲನ್ನು ನ್ಯೂಸ್‌ಪ್ರಿಂಟಿಗೆ ಕಳಿಸಿದರೆ ಮೊದಲು ಸಾಯುವುದು ಕಪ್ಪು ಮುಖವೇ. ನ್ಯೂಸ್‌ಪ್ರಿಂಟಿನಲ್ಲಿ ನಾಲ್ಕೂ ಶಾಯಿ ಸೇರಿ ಶೇಕಡಾ 240ರ ಆಸುಪಾಸು ದಾಟಬಾರದು.

ಮೂರನೆಯದು, ಬಣ್ಣ ಒಡೆಯುವಾಗ ಚರ್ಮದ ಕಡುಪನ್ನು ಕಪ್ಪು ಶಾಯಿಯ ತಲೆಗೇ ಕಟ್ಟದಿರುವುದು. ಕಪ್ಪು ಶಾಯಿ ಅಗ್ಗ, ಅಚ್ಚಿಗೆ ಸಲೀಸು, ಆದ್ದರಿಂದ ಸಾಫ್ಟ್‌ವೇರು ಬಿಟ್ಟರೆ ಅದನ್ನೇ ಹೆಚ್ಚು ಸುರಿಯುತ್ತದೆ. ಚರ್ಮ ಬೂದಿ ಬಳಿದಂತೆ ಕಾಣುವುದು ಅದರಿಂದ. ನಮ್ಮ ಚರ್ಮದಲ್ಲಿ ಇರುವುದು ಮಸಿಯಲ್ಲ, ಕೆಂಪು ಹಳದಿ ತುಂಬಿದ ಕಂದು. ಆ ಕಂದನ್ನು ಮಜೆಂಟಾ, ಹಳದಿ, ಅಳತೆಯ ಸಯಾನ್ ಹೊರಬೇಕು. ಹಳೆಯ ಕೈಪಿಡಿಗಳಲ್ಲಿ ಚರ್ಮಕ್ಕೊಂದು ಸೂತ್ರ ಇರುತ್ತಿತ್ತು: ಹಳದಿ ಮಜೆಂಟಾಗಿಂತ ತುಸು ಹೆಚ್ಚು, ಸಯಾನ್ ಮಜೆಂಟಾದ ಮೂರನೇ ಒಂದರಿಂದ ಐದನೇ ಒಂದು ಪಾಲು. ಯಾರ ಚರ್ಮಕ್ಕೆ ಎಂದು ಅದರಲ್ಲಿ ಬರೆದಿರುತ್ತಿರಲಿಲ್ಲ, ಬರೆಯಬೇಕು ಅನ್ನಿಸಿರಲೂ ಇಲ್ಲ. ಕಡು ಚರ್ಮಕ್ಕೆ ಸಯಾನ್ ಅದಕ್ಕಿಂತ ಹೆಚ್ಚೇ ಬೇಕು, ಆ ಸೂತ್ರ ನಂಬಿ ಕಡಿತ ಮಾಡಿದರೆ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ವೇದಿಕೆಯೂ ಜನವೂ ಒಂದೇ ಚಿತ್ರದಲ್ಲಿರುವಾಗ ಜನದ ಮುಖ ನೋಡಿ ಮಟ್ಟ ಹಾಕಿ, ವೇದಿಕೆ ತುಸು ಬೆಳ್ಳಗಾದರೆ ಆಗಲಿ. ಪ್ರೂಫು ಬಂದಾಗ ನೆಲದ ಮೇಲೆ ಕೂತವರಲ್ಲಿ ಅತಿ ಕಪ್ಪಗಿರುವ ಒಬ್ಬರನ್ನು ಆರಿಸಿಕೊಂಡು ನೋಡಿ. ಕಿವಿಯ ಅಂಚು ಕೂದಲಿನಿಂದ ಬೇರೆಯಾಗಿ ಕಾಣುತ್ತಿದೆಯೇ? ಗಲ್ಲದ ಕೆಳಗಿನ ಗೆರೆ ಕತ್ತಿನಿಂದ ಬಿಡಿಸಿಕೊಂಡಿದೆಯೇ? ಕಾಣದಿದ್ದರೆ ಅಲ್ಲೇ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಸಹಿ ಮಾಡದೆ ವಾಪಸು ಕಳಿಸಿ.